ದೊಡ್ಡಮ್ಮ ಒರಗಿದ ಮಧ್ಯಾಹ್ನ

ದೊಡ್ಡಮ್ಮ ಕೆಂಡವನ್ನು ಬರಿಗೈಯಲ್ಲಿ ಎತ್ತುತ್ತಿದ್ದಳು. ಅವಳ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿ, ಕಪ್ಪಾಗಿ, ನುಣುಪಾಗಿ ಹೋಗಿದ್ದವು. ಒಲೆಯಿಂದ ಉರುಳಿದ ಕೆಂಡವನ್ನು ಇಕ್ಕಳಕ್ಕೆ ಕಾಯದೆ ಎತ್ತಿ ಒಳಕ್ಕೆ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ನನ್ನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸುತ್ತಿದ್ದಳು. ಆ ಬೆರಳುಗಳಿಗೆ ಬಿಸಿ ತಿಳಿಯುತ್ತಿರಲಿಲ್ಲ. ನನಗೆ ಜ್ವರ ಬಂದಾಗ ಎಡಗೈಯಿಂದಲೇ ಮುಟ್ಟಿ ನೋಡುತ್ತಿದ್ದಳು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಕಣಕಟ್ಟೆ ಹತ್ತಿರದ ತೋಟದ ಮನೆಯಲ್ಲಿ, ಅವಳ ಒಬ್ಬನೇ ಮಗನ ಜೊತೆಗೆ, ನಾನು ಅವಳ ಕೈಯಲ್ಲೇ ಬೆಳೆದೆ. ಆ ಮಗನೇ ನನಗೆ ಅಣ್ಣ. ಅರಸೀಕೆರೆಯ ಕಾಲೇಜಿಗೆ ಬೆಳಗಿನ ಬಸ್ಸು ಹಿಡಿಯುವ ಮೂರು ವರ್ಷವೂ ಅವಳು ನನಗಿಂತ ಒಂದೂವರೆ ಗಂಟೆ ಮೊದಲು ಏಳುತ್ತಿದ್ದಳು. ಡಬ್ಬಿಯಲ್ಲಿ ರಾಗಿ ರೊಟ್ಟಿ ಇನ್ನೂ ಬಿಸಿಯಿರುವಾಗಲೇ ನಾನು ಬಸ್ಸು ಹತ್ತಬೇಕು. ಅದು ಅವಳ ಹಟ.

ಮನೆಗೆ ಗ್ಯಾಸ್ ಬಂದು ವರ್ಷಗಳಾಗಿದ್ದರೂ ಅವಳ ಅಗ್ಗಿಷ್ಟಿಕೆ ಮೂಲೆ ಸೇರಲಿಲ್ಲ. ಮೂರು ಕಾಲಿನ, ಮೊರದಗಲದ ಕಬ್ಬಿಣದ ಒಲೆ ಅದು. ಕೊಬ್ಬರಿ ಮಾಡುವ ಮನೆಯಲ್ಲಿ ತೆಂಗಿನ ಚಿಪ್ಪಿಗೆ ಬರವಿಲ್ಲ. ಬೆಳಗ್ಗೆ ಜಗಲಿಯ ಮೇಲೆ ಅದರಲ್ಲಿ ಚಿಪ್ಪು ಪೇರಿಸಿ ಬೆಂಕಿ ಹಾಕಿ, ದಟ್ಟ ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಎನ್ನುವವರೆಗೆ ಕಾದು, ಆಮೇಲೆ ಒಲೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತರುತ್ತಿದ್ದಳು. ಅದಕ್ಕೊಂದು ಮಾತನ್ನೂ ಇಟ್ಟುಕೊಂಡಿದ್ದಳು. "ಹೊಗೆ ಅನ್ನೋದು ಬೀದಿ ನೆಂಟ ಕಣೇ, ಜಗ್ಲಿ ಮೇಲೇ ಕೂರಿಸಿ ಕಳಿಸ್ಬೇಕು. ಕೆಂಡ ಮನೆಮಗಳು. ಒಳಕ್ಕೆ ಬರಬೋದು."

ಆ ಮನೆಯಲ್ಲಿ ಆ ಮಾತು ನಿಜವೇ ಆಗಿತ್ತು. ನಾಡಹೆಂಚಿನ ಸೂರು. ಹೆಂಚಿನ ಸಂದಿಗಳಲ್ಲಿ ಬಿಸಿಲು ಕಾಸಿನಗಲ ಬೀಳುತ್ತಿತ್ತು. ಗೋಡೆ ಮತ್ತು ಸೂರಿನ ನಡುವೆ ಅಳಿಲು ಓಡಾಡುವಷ್ಟು ಜಾಗ. ನಲವತ್ತು ವರ್ಷ ಅವಳು ಆ ಮನೆಯೊಳಗೆ ಕೆಂಡ ಇಟ್ಟುಕೊಂಡು ಬದುಕಿದಳು. ಯಾರಿಗೂ ಒಂದು ತಲೆನೋವು ಬಂದದ್ದು ನನಗೆ ನೆನಪಿಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಬರೆದುಬಿಡಬೇಕು. ಅದು ಮುಂದೆ ಬೇಕಾಗುತ್ತದೆ. ಅವಳು ಹಗಲು ಮಲಗುತ್ತಿರಲಿಲ್ಲ. ನಾನು ಭಾನುವಾರ ಊಟವಾದ ಮೇಲೆ ಚಾಪೆ ಹಾಸಿದರೆ ಕಾಲಿನಿಂದ ಚಾಪೆಯ ತುದಿ ಎತ್ತುತ್ತಿದ್ದಳು. "ಹಗಲೊತ್ತು ಮಲಗೋರು ಇಬ್ರೇ. ಬಾಣ್ತಿ, ಇಲ್ಲಾ ಕಾಯ್ಲೆಯೋರು. ನೀನು ಯಾವ್ದು?"

ಹೋಟೆಲಿನ ಊಟ ಅವಳಿಗೆ ಆಗುತ್ತಿರಲಿಲ್ಲ. ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ತೊಟ್ಟು ನೀರು ಕುಡಿಯದವಳು. "ಯಾರು ಬೇಯ್ಸಿದ್ರೋ, ಯಾರ ಮೇಲಿನ ಸಿಟ್ಟಲ್ಲಿ ಬೇಯ್ಸಿದ್ರೋ" ಎನ್ನುವಳು. ಹಾಗಾಗಿ ಅಣ್ಣನ ಮದುವೆಯಾಗಿ, ನನ್ನದೂ ಆಗಿ, ಮಕ್ಕಳಾದ ಮೇಲೆ, ದಸರಾ ರಜೆಯಲ್ಲಿ ಎರಡೂ ಮನೆಯವರು ಸೇರಿ ಮೂರು ದಿನ ಎಲ್ಲಿಗಾದರೂ ಹೋಗುವುದು ಎಂದಾಗ, ನಾನೇ ದಾರಿ ಕಂಡುಹಿಡಿದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದು. ನಮ್ಮದೇ ಅಡುಗೆ, ನಮ್ಮದೇ ಹೊತ್ತು. ದೊಡ್ಡಮ್ಮನೂ ಬರುತ್ತಾಳೆ, ಎಲ್ಲರಿಗೂ ಆರಾಮ. ನಾನು ಅಂದದ್ದು ಹೀಗೆಯೇ. ಆರಾಮ ಎಂಬ ಮಾತನ್ನೇ ಬಳಸಿದ್ದೆ.

ಹೊರಡುವ ಹಿಂದಿನ ದಿನದಿಂದ ಅವಳ ಗಂಟು ಕಟ್ಟುವ ಕೆಲಸ. ರಾಗಿಹಿಟ್ಟು, ಅಕ್ಕಿ, ಸಾರಿನ ಪುಡಿ, ಕೊಬ್ಬರಿ, ಮುದ್ದೆ ಕೋಲು, ಎರಡು ತಪ್ಪಲೆ. ಕೊನೆಗೆ ಅಗ್ಗಿಷ್ಟಿಕೆ ಮತ್ತು ಅರ್ಧ ಚೀಲ ಚಿಪ್ಪು. ಅಣ್ಣ ಕಾರಿನ ಡಿಕ್ಕಿ ತೆಗೆದು ನಿಂತು ಪ್ರತಿವರ್ಷವೂ ರೇಗುತ್ತಿದ್ದ.

"ಅವ್ವ, ಹಸೂನೂ ಹತ್ತಿಸ್ಬಿಡು. ಅದೊಂದು ಯಾಕೆ ಬಾಕಿ?"

"ಹಸು ಬಂದ್ರೆ ಹಾಲಾದ್ರೂ ಕೊಡ್ತದೆ. ನೀನು ಬಂದು ಏನ್ ಕೊಡ್ತೀಯ್ಲಾ?"

"ಅಲ್ಲಿ ಗ್ಯಾಸ್ ಐತೆ ಕಣವ್ವ."

"ಇರ್ಲಿ. ಗ್ಯಾಸು ಮುಗೀತದೆ. ಚಿಪ್ಪು ಮುಗ್ಯಲ್ಲ."

ಅತ್ತಿಗೆ ಎಷ್ಟೋ ಸಲ ಪ್ರಯತ್ನ ಪಟ್ಟಳು. "ನೀವು ಕುತ್ಕೊಳಿ ಅತ್ತೆ, ಇವತ್ತು ನಾನು ಮಾಡ್ತೀನಿ" ಎಂದು ಸೌಟು ಹಿಡಿದರೆ ದೊಡ್ಡಮ್ಮ ಸೌಟು ಕಸಿದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅದು ಇನ್ನೂ ಕಷ್ಟ. ಹತ್ತು ನಿಮಿಷದಲ್ಲಿ ಅತ್ತಿಗೆ ತಾನಾಗಿಯೇ ಸೌಟು ಬಿಟ್ಟು ಹೊರಗೆ ಬರುತ್ತಿದ್ದಳು. ದೊಡ್ಡಮ್ಮನಿಗೆ ಕೆಲಸ ಹೇರಿದ್ದು ನಾವು ಎನ್ನಲೋ, ಕೆಲಸವನ್ನು ಬಿಡದೆ ಹಿಡಿದುಕೊಂಡದ್ದು ಅವಳು ಎನ್ನಲೋ, ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಎರಡೂ ನಿಜ. ನಮಗೆ ಎರಡನೆಯದು ಅನುಕೂಲವಾಗಿತ್ತು.

ಒಂದು ವರ್ಷ ಚಿಕ್ಕಮಗಳೂರಿನ ಕಡೆ ಗುಡ್ಡದ ನೆತ್ತಿಯಲ್ಲಿ ಮನೆ ಹಿಡಿದಿದ್ದೆವು. ವಾಪಸು ಬಂದ ಮೇಲೆ ಪಕ್ಕದ ತೋಟದ ಹೆಂಗಸು, "ಏನೇನು ನೋಡ್ಕಂಡ್ ಬಂದ್ರಿ?" ಎಂದು ಕೇಳಿದಳು.

"ಒಲೆ ನೋಡ್ದೆ" ಎಂದಳು ದೊಡ್ಡಮ್ಮ. "ಎರಡು ಬರ್ನರು. ಒಂದು ಸರ್ಯಾಗಿ ಉರೀತಿರ್ಲಿಲ್ಲ."

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆ ಮಾತನ್ನು ಮನೆಗೆ ಬಂದವರಿಗೆಲ್ಲ ಹೇಳಿ ಹೇಳಿ ನಗಿಸಿದವಳು ನಾನೇ.

ಹಳೇಬೀಡಿಗೆ ಹೋಗೋಣ ಎಂದದ್ದು ಮಾತ್ರ ಅವಳು. ತಾನಾಗಿ ಒಂದು ಊರಿನ ಹೆಸರು ಹೇಳಿದ್ದು ಅದೊಂದೇ ಸಲ. ಅರಸೀಕೆರೆಯಿಂದ ಅಷ್ಟು ಹತ್ತಿರವಿದ್ದರೂ ಅರವತ್ತೆರಡು ವರ್ಷದಲ್ಲಿ ಅವಳು ಆ ದೇವಸ್ಥಾನ ನೋಡಿರಲಿಲ್ಲ. "ಗೋಡೆ ಸುತ್ತ ಆನೆ ಸಾಲು ಐತಂತೆ. ಒಂದರ ಹಂಗೆ ಇನ್ನೊಂದಿಲ್ವಂತೆ. ಒಂದು ಸುತ್ತು ನಿಧಾನಕ್ಕೆ ಬರ್ಬೇಕು ಕಣೇ" ಎಂದಿದ್ದಳು. ನಾನು ಹುಲಿಕೆರೆಯ ದಾರಿಯಲ್ಲಿ ಒಂದು ಮನೆ ಗೊತ್ತುಮಾಡಿದೆ. ಪ್ರವಾಸಿಗರಿಗೆಂದೇ ಹೊಸದಾಗಿ ಕಟ್ಟಿಸಿದ್ದು. ನಯವಾದ ಟೈಲ್ಸು, ಜಾರಿಸಿ ಮುಚ್ಚುವ ಗಾಜಿನ ಕಿಟಕಿಗಳು, ಒಂದು ಸೊಳ್ಳೆಯೂ ನುಸುಳದಷ್ಟು ಬಿಗಿ. ಒಳಗೆ ಬಂದು ಕಿಟಕಿ ಜಾರಿಸಿ ನೋಡಿ ನಾನು ಸಂತೋಷಪಟ್ಟಿದ್ದೆ. ಕಿಟಕಿ ಮುಚ್ಚಿದರೆ ರಸ್ತೆಯ ಸದ್ದು ಪೂರ್ತಿ ನಿಂತುಹೋಗುತ್ತಿತ್ತು.

ಮೊದಲ ದಿನ ತಲುಪುವ ಹೊತ್ತಿಗೆ ಮಧ್ಯಾಹ್ನ. ನಾವೆಲ್ಲ ದೇವಸ್ಥಾನಕ್ಕೆ ಹೋದೆವು, ದೊಡ್ಡಮ್ಮ ಸಾಮಾನು ಜೋಡಿಸಿ ಅಡುಗೆ ಮಾಡಿದಳು. ನಾಳೆ ಊಟ ಮಾಡಿ ಎಲ್ಲರೂ ಒಟ್ಟಿಗೆ ಇನ್ನೊಮ್ಮೆ ಹೋಗುವುದು, ಅವಳಿಗೆ ಆನೆ ಸಾಲು ತೋರಿಸುವುದು ಎಂದು ಮಾತಾಯಿತು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಜಡಿಮಳೆ. ನನ್ನ ಮಗಳಿಗೆ, ಆರು ವರ್ಷದವಳು, ಮೈ ಬಿಸಿ. ಹತ್ತು ಗಂಟೆಗೆ ತಿಂಡಿ ಮುಗಿಯುವಾಗ ಗ್ಯಾಸೂ ಮುಗಿಯಿತು. ಮನೆಯ ಯಜಮಾನರಿಗೆ ಫೋನು ಮಾಡಿದೆವು. ಐವತ್ತು ದಾಟಿದ ರೈತ, ಪಕ್ಕದ ಹಳ್ಳಿಯವರು. "ಇನ್ನೊಂದ್ ಗಂಟೇಲಿ ಸಿಲಿಂಡರ್ ತತ್ತೀನಿ ಕಣ್ರೀ" ಎಂದರು.

"ಊಟ ಹೊರಗೇ ಮಾಡಿದ್ರಾಯ್ತು ಬಿಡವ್ವ" ಎಂದ ಅಣ್ಣ.

"ಮಗೀಗೆ ಜ್ವರ ಐತೆ, ಅದುಕ್ಕೆ ಮೆತ್ತಗೆ ಒಂದು ಹಿಡಿ ಅನ್ನ ಬೇಡ್ವಾ? ನೀವು ಬೇಲೂರು ನೋಡ್ಕಂಡ್ ಬನ್ನಿ. ಅಷ್ಟೊತ್ತಿಗೆ ಮಾಡಿರ್ತೀನಿ. ಉಂಡು ಸೀದಾ ಆನೆ ನೋಡಕ್ಕೆ ಹೋಗಾದು." ಹಾಗೆಂದು ಅವಳು ಚಿಪ್ಪಿನ ಚೀಲ ಬಿಚ್ಚಿದಳು. "ಹೇಳಿರ್ಲಿಲ್ವೇನ್ಲಾ, ಗ್ಯಾಸು ಮುಗೀತದೆ ಅಂತ?"

ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ನನ್ನ ಗಂಡ ಬೇಲೂರಿಗೆ ಹೋದರು. ಉಳಿದದ್ದು ನಾವು ಮೂವರು.

ದೊಡ್ಡಮ್ಮ ತನ್ನ ನಿಯಮ ಒಂದಿಷ್ಟೂ ಮುರಿಯಲಿಲ್ಲ. ಮುಂಬಾಗಿಲ ಹೊರಗಿನ ಸಿಟೌಟಿನಲ್ಲಿ ಚಿಪ್ಪು ಹೊತ್ತಿಸಿ ಹೊಗೆ ಪೂರ್ತಿ ಹೋಗುವವರೆಗೆ ಕಾದಳು. ಕೆಂಡ ಕೆಂಪಗಾದ ಮೇಲೆ ಅಗ್ಗಿಷ್ಟಿಕೆಯನ್ನು ಅಡುಗೆಮನೆಗೆ ತಂದು ನೆಲದ ಮೇಲಿಟ್ಟು ಬೇಳೆ ಏರಿಸಿದಳು. ಮಗಳು ಅವಳ ಹಿಂದೆಯೇ ಹೋಗಿ ಕೂತಳು. ಮಳೆ ಕಿಟಕಿಯಿಂದ ಓರೆಯಾಗಿ ಹೊಡೆದು ಅಡುಗೆಮನೆಯ ಕಟ್ಟೆಯೆಲ್ಲ ನೆನೆಯುತ್ತಿತ್ತು, ಸಾಲದ್ದಕ್ಕೆ ಕಾಂಪೌಂಡಿನ ಗೋಡೆಯ ಮೇಲೊಂದು ಕೋತಿ ಬೇರೆ ಬಂದು ಕೂತು ಒಳಗೆ ನೋಡುತ್ತಿತ್ತು. "ಕಿಟ್ಕಿ ಎಳ್ಯೇ, ಅದು ಬಂದು ಬೆಲ್ಲ ಹೊತ್ಕಂಡು ಹೋದಾತು" ಎಂದಳು. ನಾನು ಎಳೆದೆ. ಕಿಟಕಿ ಟಕ್ಕೆಂದು ಕೂತಿತು.

ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಸಿಲಿಂಡರು ಹೇಳಿದ ಹೊತ್ತಿಗೆ ಬರಲಿಲ್ಲ. ಹನ್ನೆರಡು ಗಂಟೆಯ ಹೊತ್ತಿಗೆ ಸಾರು ಇಳಿದು ಅನ್ನ ಒಲೆಯ ಮೇಲಿತ್ತು. ನನಗೂ ತಲೆ ಸಣ್ಣಗೆ ಹಿಡಿದುಕೊಂಡಿತ್ತು. ಪ್ರಯಾಣದ ಆಯಾಸ, ಎರಡನೆಯ ಕಾಫಿ ಇಲ್ಲ ಎಂದುಕೊಂಡೆ. ಅಡುಗೆಮನೆಗೆ ಹೋದಾಗ ಮಗಳು ನಿದ್ದೆಹೋಗಿದ್ದಳು. ದೊಡ್ಡಮ್ಮ ತನ್ನ ಹಳೆಯ ಸೀರೆ ಮಡಿಸಿ ಹಾಸಿ ಅವಳನ್ನು ಹಿತ್ತಿಲ ಬಾಗಿಲಿನ ಬುಡದಲ್ಲಿ ಮಲಗಿಸಿದ್ದಳು. ಕೆಂಡಕ್ಕೂ ಮಗುವಿಗೂ ನಡುವೆ ತಾನು ಕೂತಿದ್ದಳು.

"ಚಿಪ್ಪು ಸಿಡೀತದೆ, ಕಿಡಿ ಹಾರೀತು ಅಂತ ಅತ್ಲಾಗೆ ಮಲಗಿಸ್ದೆ" ಎಂದಳು. ಮಾತು ನಿಧಾನವಾಗಿತ್ತು. "ಯಾಕೋ ತಲೆ ಭಾರ ಕಣೇ. ಒಂದ್ ಗಳಿಗೆ ಒರಗ್ತೀನಿ."

ನಾನು ಏನು ಮಾಡಬೇಕಿತ್ತು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ನಾನು ಸಂತೋಷಪಟ್ಟೆ. ಇಷ್ಟು ವರ್ಷದಲ್ಲಿ ಮೊದಲ ಸಲ ದೊಡ್ಡಮ್ಮ ಹಗಲಿನಲ್ಲಿ ಒರಗುತ್ತೇನೆ ಎಂದಿದ್ದಳು. ರಜೆ ಎಂದರೆ ಇದೇ, ಕೊನೆಗೂ ಅವಳಿಗೂ ಒಂದು ಗಳಿಗೆ ಸಿಕ್ಕಿತು ಎನಿಸಿತು.

"ಒರಗು ದೊಡ್ಡಮ್ಮ. ಅನ್ನ ನಾನು ನೋಡ್ಕೋತೀನಿ."

"ಇಳಿಸ್ಬೇಕು, ಮರೀಬೇಡ. ತಳ ಹಿಡೀತದೆ."

ಒಳಗಿನಿಂದ ದಿಂಬು ತಂದು ಅವಳ ತಲೆಯಡಿಗೆ ಕೊಟ್ಟೆ. ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಇಬ್ಬರಿಗೂ ಎಚ್ಚರವಾದೀತೆಂದು ಸದ್ದಾಗದ ಹಾಗೆ ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಸಿಗ್ನಲ್ ಗೇಟಿನ ಹತ್ತಿರ ಮಾತ್ರ ಸಿಗುತ್ತಿತ್ತು. ಕೊಡೆ ಹಿಡಿದು ನಿಂತೆ. ಬೇಲೂರಿನಿಂದ ನನ್ನ ಗಂಡ.

"ನಂಬ್ತೀರಾ? ದೊಡ್ಡಮ್ಮ ಮಲಗಿದ್ದಾಳೆ" ಎಂದೆ.

"ಏನು, ಹಗಲಲ್ಲಾ?" ಎಂದು ಅವರು ನಕ್ಕರು. ಫೋನು ಅಣ್ಣನ ಕೈಗೆ ಹೋಯಿತು. "ಎಬ್ಬಿಸ್ಬೇಡ ಕಣೇ ಮಾರಾಯ್ತಿ. ಮಲಗ್ಲಿ. ನಾವು ಇಲ್ಲೇ ಏನಾದ್ರೂ ತಿಂತೀವಿ. ಫೋಟೋ ತೆಗೆದಿಟ್ಕೋ, ಸಾಕ್ಷಿಗೆ."

ಮಾತು ಬೆಳೆಯಿತು. ಅತ್ತಿಗೆಯೂ ಮಾತಾಡಿದಳು. ಹೊರಗಿನ ಗಾಳಿಗೆ ನನ್ನ ತಲೆನೋವು ಇಳಿಯುತ್ತಿತ್ತು. ಅದು ಇಳಿಯುತ್ತಿದೆ ಎಂಬುದನ್ನು ಗಮನಿಸಿಯೂ ಇದ್ದೆ. ನಾನು ಬಿ.ಎಸ್ಸಿ. ಓದಿದವಳು. ಕೆಂಡಕ್ಕೆ ಸಾಕಷ್ಟು ಗಾಳಿ ಸಿಗದಿದ್ದರೆ ಯಾವ ಅನಿಲ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ರಕ್ತವನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಆ ಉತ್ತರ ನನಗೆ ಗೇಟಿನ ಹತ್ತಿರ ನೆನಪಾಗಲಿಲ್ಲ. ದೊಡ್ಡಮ್ಮನ ಮಾತೂ ನೆನಪಾಗಲಿಲ್ಲ. ಬಾಣಂತಿ, ಇಲ್ಲವೇ ಕಾಯಿಲೆಯವರು. ಅವಳು ಯಾವುದು ಎಂದು ನಾನು ಕೇಳಿಕೊಳ್ಳಲಿಲ್ಲ.

ಅರ್ಧ ಗಂಟೆಯೋ, ಸ್ವಲ್ಪ ಹೆಚ್ಚೋ ಆಗಿರಬೇಕು. ಮನೆಯ ಯಜಮಾನರು ಮೊಪೆಡ್ಡಿನ ಮೇಲೆ ಸಿಲಿಂಡರು ಕಟ್ಟಿಕೊಂಡು, ಮಳೆಗೆ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡು ಬಂದರು. ಸಿಟೌಟಿನಲ್ಲಿ ಬಿದ್ದಿದ್ದ ಬೂದಿ ನೋಡಿದರು.

"ಏನಮ್ಮ ಇದು, ಒಲೆ ಹಾಕಿದ್ರಾ?"

"ಚಿಪ್ಪಿನ ಕೆಂಡ. ಒಳಗೆ ತಗೊಂಡು ಹೋಗಿದ್ದೀವಿ. ಹೊಗೆ ಇಲ್ಲ, ಗೋಡೆ ಏನೂ ಕಪ್ಪಾಗಲ್ಲ" ಎಂದೆ. ಅವರಿಗೆ ಮನೆಯ ಗೋಡೆಯ ಚಿಂತೆ ಎಂದುಕೊಂಡಿದ್ದೆ.

"ಒಳಗೆ ಯಾರವ್ರೆ?"

"ದೊಡ್ಡಮ್ಮ, ಮಗಳು. ಮಲಗಿದ್ದಾರೆ."

ಅವರು ಸಿಲಿಂಡರನ್ನು ಅಲ್ಲಿಯೇ ಬಿಟ್ಟು ಓಡಿದರು. ಮೊಪೆಡ್ಡು ಸಿಲಿಂಡರಿನ ಸಮೇತ ಕೆಸರಿನಲ್ಲಿ ಉರುಳಿತು. ನಾನು ಹಿಂದೆಯೇ ಹೋದೆ, ಯಾಕೆಂದು ತಿಳಿಯದೆ. ಅವರು ಅಡುಗೆಮನೆಯ ಬಾಗಿಲು ತಳ್ಳಿ, ಉಸಿರು ಬಿಗಿಹಿಡಿದು ನುಗ್ಗಿ, ಮೊದಲು ಹಿತ್ತಿಲ ಬಾಗಿಲಿನ ಚಿಲಕ ತೆಗೆದರು. ಮಗಳನ್ನು ಸೀರೆಯ ಸಮೇತ ಎತ್ತಿ ಹೊರಗೆ ಮಳೆಗೆ ಹಾಕಿದರು. "ಕಾಲು ಹಿಡೀರಿ" ಎಂದರು ನನಗೆ. ಇಬ್ಬರೂ ಸೇರಿ ದೊಡ್ಡಮ್ಮನನ್ನು ಎಳೆದೆವು.

ಮಗಳು ಮಳೆಯಲ್ಲಿ ಒಂದು ಸಲ ಕೆಮ್ಮಿದಳು. ವಾಂತಿ ಮಾಡಿಕೊಂಡಳು. ಆಮೇಲೆ ಅತ್ತಳು. ಆ ಅಳುವಿಗಿಂತ ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಆ ಅಳು ಕೇಳುತ್ತಿದ್ದ ಅಷ್ಟು ಹೊತ್ತು ನಾನು ದೊಡ್ಡಮ್ಮನ ಕಡೆ ನೋಡಲಿಲ್ಲ ಎಂಬುದನ್ನೂ ಬರೆಯಬೇಕು.

ನೋಡಿದಾಗ ಅವಳ ಮುಖ ಗೆಲುವಾಗಿತ್ತು. ತುಟಿಗಳು ಕೆಂಪಗಿದ್ದವು, ಎಲೆ ಅಡಿಕೆ ಹಾಕಿದ ಹಾಗೆ. ಚೆನ್ನಾಗಿ ನಿದ್ದೆ ಮಾಡಿ ಎದ್ದವರು ಹಾಗಿರುತ್ತಾರೆ. ಯಜಮಾನರು ಅವಳ ಕೆನ್ನೆ ತಟ್ಟುತ್ತಾ, ನನ್ನ ಕಡೆ ನೋಡದೆ, "ರೇಷ್ಮೆ ಸಾಕ್ತಿದ್ವಿ. ಹುಳದ ಮನೆ ಬೆಚ್ಚಗಿರ್ಲಿ ಅಂತ ಇದ್ದಿಲು ಇಟ್ಟು ಬಾಗ್ಲು ಮುಚ್ಕಂಡು ಮಲಗಿದ್ದ, ನಮ್ಮ ತಮ್ಮ" ಎಂದರು. ಕೆನ್ನೆ ತಟ್ಟುವುದನ್ನು ಬಿಡಲಿಲ್ಲ.

ದೊಡ್ಡಮ್ಮ ಒಮ್ಮೆ ಕಣ್ಣು ಬಿಟ್ಟಳು. ಮಳೆಹನಿ ರೆಪ್ಪೆಯ ಮೇಲೆ ಬೀಳುತ್ತಿತ್ತು, ಅವಳು ರೆಪ್ಪೆ ಬಡಿಯಲಿಲ್ಲ. ನನ್ನನ್ನು ಗುರುತಿಸಿದಳೋ ಇಲ್ಲವೋ.

"ಅನ್ನ ಇಳಿಸಿದ್ಯಾ?" ಎಂದಳು.

ಇಳಿಸಿರಲಿಲ್ಲ. "ಇಳಿಸಿದೆ ದೊಡ್ಡಮ್ಮ" ಎಂದೆ. ಅವಳಿಗೆ ನಾನು ಹೇಳಿದ ಕೊನೆಯ ಮಾತು ಸುಳ್ಳು.

ಹಾಸನದ ಆಸ್ಪತ್ರೆಯಲ್ಲಿ ಮಗಳು ಎರಡು ದಿನ ಇದ್ದಳು. ದೊಡ್ಡಮ್ಮ ಒಂದೇ ದಿನ. ಮರುದಿನ ಬೆಳಗ್ಗೆ, ಅವಳು ದಿನವೂ ಮಿಂದು ಲಿಂಗ ಹಿಡಿಯುವ ಹೊತ್ತಿಗೆ, ಹೋದಳು. ಡಾಕ್ಟರು ಮಗಳ ವಿಷಯ ವಿವರವಾಗಿ ಕೇಳಿದರು. ಎಲ್ಲಿ ಮಲಗಿದ್ದಳು, ತಲೆ ಯಾವ ಕಡೆಗಿತ್ತು. ಹಿತ್ತಿಲ ಬಾಗಿಲಿನ ಅಡಿ ಒಂದು ಬೆರಳಿನಷ್ಟು ಸಂದಿ ಇತ್ತು, ಆ ಇಡೀ ಮನೆಯಲ್ಲಿ ಕಟ್ಟಿದವರು ಮರೆತ ಒಂದೇ ಸಂದಿ. ಮಗಳ ಮೂಗು ಅದರ ಎದುರಿಗಿತ್ತು. ಹೊರಗಿನ ತಂಗಾಳಿ ಅಷ್ಟಿಷ್ಟು ಅಲ್ಲಿಂದ ಬರುತ್ತಿತ್ತು. ಅದೇ ಅವಳನ್ನು ಉಳಿಸಿರಬೇಕು ಎಂದರು. ಕಿಡಿ ಹಾರೀತೆಂದು ಹೆದರಿ ದೊಡ್ಡಮ್ಮ ಅವಳನ್ನು ಅಲ್ಲಿ ಮಲಗಿಸಿದ್ದಳು. ಅವಳಿಗೆ ಗೊತ್ತಿದ್ದ ಅಪಾಯ ಅದೊಂದೇ. ಆ ಒಂದು ಅಪಾಯಕ್ಕೆ ತನ್ನ ಮೈಯನ್ನು ಅಡ್ಡ ಇಟ್ಟಿದ್ದಳು.

ಕಣಕಟ್ಟೆಯ ತೋಟದಲ್ಲಿ, ನಮ್ಮ ಪದ್ಧತಿಯಂತೆ, ಅವಳನ್ನು ಕೂರಿಸಿ ಮಣ್ಣು ಮಾಡಿದೆವು. ಎಡ ಅಂಗೈಯಲ್ಲಿ ಲಿಂಗ. ಬಲಗೈ ಮಡಿಲಿನ ಮೇಲೆ. ವಿಭೂತಿ ಹಚ್ಚಿದ್ದರೂ ಆ ಎರಡು ಬೆರಳ ತುದಿ ಕಪ್ಪಗೇ ಕಾಣುತ್ತಿತ್ತು. ಗುಂಡಿಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ, ಏಳುವ ಅವಸರವಿಲ್ಲದೆ ಅವಳು ಕೂತದ್ದನ್ನು ನಾನು ನೋಡಿದ್ದು ಆ ದಿನವೇ.

ಹನ್ನೊಂದನೆಯ ದಿನದ ಕೆಲಸಗಳೆಲ್ಲ ಮುಗಿದ ಮೇಲೆ ಜಗಲಿಯ ಮೇಲೆ ಅಣ್ಣ ಮತ್ತು ನಾನು ಇಬ್ಬರೇ ಇದ್ದೆವು. ಅವನು ಕೇಳಿದ.

"ಅಡುಗೆಮನೆ ಬಾಗ್ಲು ಯಾರು ಎಳ್ದಿದ್ದು?"

"ನಾನು."

"ಅವ್ವ ನಿದ್ದೆ ಮಾಡ್ತಿದ್ಲಾ?"

"ಹೂಂ. ಎಚ್ಚರ ಆದೀತು ಅಂತ."

ಅಣ್ಣ ತೋಟದ ಕಡೆ ನೋಡುತ್ತಾ ಕೂತ. ಆಮೇಲೆ, "ನಾನಿದ್ದಿದ್ರೂ ಎಳೀತಿದ್ದೆ" ಎಂದ. ಅವನು ಆ ಮಾತು ಹೇಳದೆ ಇದ್ದಿದ್ದರೆ ನಾನು ಇದನ್ನು ಬರೆಯುವಷ್ಟು ಉಳಿಯುತ್ತಿರಲಿಲ್ಲ.

ಅಗ್ಗಿಷ್ಟಿಕೆ ನನ್ನ ಹತ್ತಿರ ಇದೆ. ಅದನ್ನು ಹೊರಗೆ, ಬಾವಿಕಟ್ಟೆಯ ಹತ್ತಿರ ಕವುಚಿ ಇಟ್ಟಿದ್ದೇನೆ. ಆ ದಸರಾ ಆದ ಮೇಲೆ ನಾವು ಮತ್ತೆಲ್ಲಿಗೂ ಮನೆ ಹಿಡಿದು ಹೋಗಲಿಲ್ಲ. ಯಾರಾದರೂ ಅಡುಗೆಮನೆ ಇರುವ ಮನೆ ಸಿಕ್ಕಿದೆ, ಆರಾಮವಾಗಿ ಇದ್ದು ಬರುತ್ತೇವೆ ಎಂದರೆ, ಅಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುತ್ತೇನೆ. ಕಿಟಕಿಗಳು ಹೇಗಿವೆ ಎಂದೂ ಕೇಳುತ್ತೇನೆ. ಅವರಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕೇಳಿಸುತ್ತದೆ.

ಮಗಳಿಗೆ ಈಗ ಎಂಟು ವರ್ಷ. ಭಾನುವಾರ ಊಟವಾದ ಮೇಲೆ ಆಡಿ ದಣಿದು ಎಲ್ಲಿಯಾದರೂ ನಿದ್ದೆಹೋಗುತ್ತಾಳೆ. ನಾನು ಹೋಗಿ ಎಬ್ಬಿಸುತ್ತೇನೆ. ತಪ್ಪು ಎಂದು ಗೊತ್ತಿದ್ದೂ, ಭುಜ ಹಿಡಿದು ಅಲುಗಿಸಿ, ಅವಳು ಕಣ್ಣು ಬಿಡುವವರೆಗೂ ಬಿಡುವುದಿಲ್ಲ.

"ಸುಮ್ನೆ ಮಲಗಿದ್ದೀನಿ ಕಣಮ್ಮ" ಎನ್ನುತ್ತಾಳೆ ಅವಳು, ರೇಗಿ. "ಏನೂ ಆಗಿಲ್ಲ."

ನಾನು ಎಡಗೈಯಿಂದ ಅವಳ ಹಣೆ ಮುಟ್ಟಿ ನೋಡುತ್ತೇನೆ. ಆಮೇಲೆ ಕಿಟಕಿ ತೆರೆದಿದೆಯೇ ಎಂದು ಇನ್ನೊಮ್ಮೆ ನೋಡಿ, ಬಾಗಿಲನ್ನು ಎಳೆಯದೆ ಹೊರಗೆ ಬರುತ್ತೇನೆ.